ಉಪ್ಪು ಬೀಳುವ ಮುನ್ನ

ಒಂಟಾರಿಯೋದಲ್ಲಿ ಬೈಕಿನ ಸೀಸನ್ ಮುಗಿಯುವುದು ಕ್ಯಾಲೆಂಡರ್ ನೋಡಿ ಅಲ್ಲ, ರಸ್ತೆಗೆ ಉಪ್ಪು ಬಿದ್ದ ದಿನ. ಐಸ್ ಕಟ್ಟದಿರಲಿ ಎಂದು ನಗರಸಭೆಯ ಲಾರಿ ಒಮ್ಮೆ ಉಪ್ಪು ಚೆಲ್ಲಿಕೊಂಡು ಹೋಯಿತೆಂದರೆ ಮುಗಿಯಿತು, ಚೈನಿಗೂ ಕ್ರೋಮಿಗೂ ತುಕ್ಕು. ಬುದ್ಧಿ ಇದ್ದವರು ಅಷ್ಟರೊಳಗೆ ಬೈಕನ್ನು ಗರಾಜಿಗೆ ಸೇರಿಸಿ, ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ, ಮೇಲೊಂದು ಹಳೇ ಬೆಡ್‌ಶೀಟ್ ಹೊದಿಸಿಬಿಡುತ್ತಾರೆ. ನಾನೂ ಯೋಗೇಶನೂ ಬುದ್ಧಿ ಇದ್ದವರ ಪೈಕಿ ಅಲ್ಲ. ಹದಿನಾಲ್ಕು ವರ್ಷ, ಉಪ್ಪು ಬೀಳುವ ಹಿಂದಿನ ದಿನದ ತನಕ ಓಡಿಸಿದವರು. ಊರಲ್ಲಿ ಆಯುಧಪೂಜೆ ಮಾಡಿ ಗಾಡಿಯನ್ನು ರಸ್ತೆಗಿಳಿಸುತ್ತಾರೆ. ಇಲ್ಲಿ ನಾವು ಪೂಜೆ ಮಾಡಿದ ತಿಂಗಳಿಗೇ ಅದನ್ನು ಅರ್ಧ ವರ್ಷಕ್ಕೆ ಮಲಗಿಸುತ್ತೇವೆ. ದೇವಿಗೆ ಇದೇನು ಕುಚೋದ್ಯ ಅನ್ನಿಸುತ್ತದೋ ಗೊತ್ತಿಲ್ಲ.

ಈ ವರ್ಷದ ಕೊನೆಯ ಓಟ ನವೆಂಬರ್ ಎರಡನೇ ಭಾನುವಾರ ಬಿತ್ತು. ಸೋಮವಾರ ಐಸ್ ಮಳೆ ಎಂದು ಹವಾಮಾನದವರು ಹೇಳಿದ್ದರು. ಮಂಗಳವಾರ ಮಿಲ್ಟನ್ನಿನವನೊಬ್ಬ ಟ್ರೈಲರ್ ತಂದು ತಾನು ಕೊಂಡ ಯೋಗೇಶನ ಬೈಕನ್ನು ಒಯ್ಯುವವನಿದ್ದ. ಯೋಗೇಶ ಇನ್ನು ಯಾವತ್ತೂ ಬೈಕ್ ಓಡಿಸುವುದಿಲ್ಲ. ಅವನ ಬೆರಳುಗಳಲ್ಲಿ ಕ್ಲಚ್ ಹಿಡಿಯುವ ಶಕ್ತಿ ಇಲ್ಲ, ನಡೆಯುವಾಗ ಗೋಡೆ ಬೇಕು, ಕತ್ತಿನಲ್ಲಿ ಆರು ಸ್ಕ್ರೂ. ಇದಕ್ಕೆಲ್ಲ ಕಾರಣ ನಾನು. ಇದನ್ನು ಅವನಿಗೆ ಬಾಯಿಬಿಟ್ಟು ಹೇಳಬೇಕು, ಈ ಭಾನುವಾರವೇ ಹೇಳಬೇಕು ಎಂದು ನಿರ್ಧರಿಸಿಕೊಂಡು ನಾನು ಬರ್ಲಿಂಗ್ಟನ್ನಿನ ನನ್ನ ಮನೆಯಿಂದ ಮೆಡೋವೇಲ್‌ನ ಅವನ ಮನೆಗೆ ಹೊರಟಿದ್ದೆ.

ನನ್ನ ಹೆಸರು ಶ್ರೀನಿವಾಸ. ಮೈಸೂರಿನವನು, ವಯಸ್ಸು ಎಪ್ಪತ್ತು. ಮೂವತ್ತು ವರ್ಷ ಚರ್ಮದ ಡಾಕ್ಟರಾಗಿದ್ದೆ; ರಿಟೈರಾಗಿ ಐದು ವರ್ಷವಾಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಮಾಡಿದವರು ಇಲ್ಲಿಯ ಕನ್ನಡಿಗರನ್ನು ನೋಡಿರಲಿಲ್ಲ. ಇಲ್ಲಿ ಹಿತ್ತಲ ಗಿಡವೊಂದೇ ಮದ್ದು. ಫ್ಯಾಮಿಲಿ ಡಾಕ್ಟರು ಸ್ಪೆಷಲಿಸ್ಟಿಗೆ ಕಾಗದ ಬರೆದರೆ ಎಂಟು ತಿಂಗಳು ಕಾಯಬೇಕು. ಸತ್ಯನಾರಾಯಣ ಪೂಜೆಯ ಪ್ರಸಾದ ತಿನ್ನುತ್ತಾ ನನ್ನನ್ನು ಕೇಳಿದರೆ ಎಂಟು ನಿಮಿಷ. ಹೃದಯ, ಮಂಡಿ, ಗರ್ಭಕೋಶ, ಎಲ್ಲದರ ರಿಪೋರ್ಟೂ ನನ್ನ ವಾಟ್ಸಾಪಿಗೆ ಬರುತ್ತಿತ್ತು. ನಾನು ಚರ್ಮದವನಪ್ಪ ಎಂದು ಮೊದಮೊದಲು ಹೇಳುತ್ತಿದ್ದೆ. ರಿಟೈರಾದ ಮೇಲೆ ಹಾಗೆ ಹೇಳುವುದನ್ನು ಬಿಟ್ಟೆ. ಯಾರೂ ಏನೂ ಕೇಳದ ದಿನ ನನಗೆ ಊಟ ಸೇರುತ್ತಿರಲಿಲ್ಲ ಎಂದು ಹೆಂಡತಿ ಭಾನುಮತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅವಳು ಆಡಿಕೊಳ್ಳುವುದರಲ್ಲಿ ಸುಳ್ಳು ಕಮ್ಮಿ.

ಯೋಗೇಶ ಧಾರವಾಡದವನು, ಮೆಡೋವೇಲ್‌ನ ಒಂದು ಕಂಪನಿಯಲ್ಲಿ ಇಂಜಿನಿಯರಾಗಿದ್ದವನು, ನನಗಿಂತ ನಾಲ್ಕು ವರ್ಷ ಚಿಕ್ಕವನು. ಎರಡು ವರ್ಷದ ಹಿಂದೆ, ಇಂಥದೇ ನವೆಂಬರಿನಲ್ಲಿ, ಓಡಿಸಿ ಸುಸ್ತಾಗಿ ಕ್ಯಾಂಬೆಲ್‌ವಿಲ್‌ನಲ್ಲಿ ಕಾಫಿಗೆ ನಿಂತಾಗ ಗ್ಲೌಸ್ ಬಿಚ್ಚಿ ಎರಡೂ ಕೈಯನ್ನು ಮೇಜಿನ ಮೇಲಿಟ್ಟಿದ್ದ. ಬೆರಳ ತುದಿಗಳು ಬೆಳ್ಳಗಿದ್ದವು. "ಸೀನ್ಯಾ, ಜೋಮು ಹಿಡಿದಾಂಗ ಆಗೇದ ನೋಡು. ಮನೀಗೆ ಹೋದ ಮ್ಯಾಲೂ ಹೋಗಂಗಿಲ್ಲ ಇದು. ಗುಂಡಿ ಹಾಕ್ಕೋಳಿಕ್ಕೆ ಬರಂಗಿಲ್ಲ," ಎಂದ. ನನಗೆ ಸಂತೋಷವಾಯಿತು. ಯಾಕೆಂದರೆ ಛಳಿಗೆ ಬೆರಳು ಬಿಳಿಚುವ ಒಂದು ಕಾಯಿಲೆ ಇದೆ, ಅದು ನಮ್ಮ ಚರ್ಮದವರ ಸೀಮೆಯದೇ. ಕೊನೆಗೂ ನನ್ನ ಸ್ವಂತ ಅಂಗಡಿಯ ಸಾಮಾನು ಕೇಳಿಕೊಂಡು ಒಬ್ಬ ಬಂದ. ಎರಡು ನಿಮಿಷ ಬೆರಳು ತಿರುಗಿಸಿ ನೋಡಿ, ರೇನಾಡ್ಸ್ ಎಂದು ಹೆಸರಿಟ್ಟು, ಛಳಿಯಲ್ಲಿ ಓಡಿಸುವ ಮುದುಕರಿಗೆಲ್ಲ ಬರುತ್ತೆ, ಅಪಾಯಿಂಟ್‌ಮೆಂಟೂ ಬೇಡ ಮಣ್ಣೂ ಬೇಡ ಎಂದೆ. ಅವನ ಹುಟ್ಟುಹಬ್ಬಕ್ಕೆ ಬ್ಯಾಟರಿಯಿಂದ ಬಿಸಿಯಾಗುವ ಗ್ಲೌಸ್ ತಂದುಕೊಟ್ಟೆ. ಎಲ್ಲರೆದುರು ತೊಡಿಸಿದೆ ಕೂಡ. ಯಾಕೆ ಕೊಟ್ಟೆ ಎಂಬುದನ್ನು ಮಾತ್ರ ಇಬ್ಬರೂ ಯಾರಿಗೂ ಹೇಳಲಿಲ್ಲ.

ಅದೊಂದು ತಪ್ಪು. ಚರ್ಮದವನು ಮಾಡಬಹುದಾದ ತಪ್ಪು, ಅಹಂಕಾರದ ತಪ್ಪು. ಆದರೂ ತಪ್ಪು ಎನ್ನುವ ಮಾತಿಗೆ ಅದು ಒಗ್ಗುತ್ತದೆ. ಇನ್ನೊಂದಕ್ಕೆ ಆ ಮಾತು ಒಗ್ಗುವುದಿಲ್ಲ.

ಮುಂದಿನ ವರ್ಷ ಜುಲೈನಲ್ಲಿ, ನನ್ನ ಗರಾಜಿನಲ್ಲಿ, ಇಬ್ಬರೂ ಆಯಿಲ್ ಬದಲಿಸುತ್ತಿದ್ದೆವು. ಮೂವತ್ತೊಂದು ಡಿಗ್ರಿ ಸೆಕೆ. ಯೋಗೇಶನ ಕೈಯಿಂದ ಸ್ಪ್ಯಾನರು ಎರಡು ಸಲ ಜಾರಿಬಿತ್ತು. ಆಮೇಲೆ ಎಂಜಿನ್ನಿನ ಕೆಳಗೆ ನೋಡಲು ಕತ್ತು ಬಗ್ಗಿಸಿದವನು ಹಾ ಎಂದು ಎದ್ದು ಕೂತ. "ಕುತ್ತಿಗಿ ಬಗ್ಗಿಸಿದ್ರ ಬೆನ್ನಾಗಿಂದ ಕಾಲ್ತನಕ ಕರೆಂಟ್ ಹೊಡಧಾಂಗ ಆಗ್ತದೋ. ಭಾಳ ದಿನ ಆತು," ಎಂದ. ಈ ಕರೆಂಟಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ. ಮೆಡಿಕಲ್ ಕಾಲೇಜಿನಲ್ಲಿ ಫೇಲಾದ ಹುಡುಗರೂ ಅದನ್ನು ಮರೆಯುವುದಿಲ್ಲ. ಬೆನ್ನುಹುರಿ ಕತ್ತಿನಲ್ಲಿ ಅಪ್ಪಚ್ಚಿಯಾಗುತ್ತಿದೆ ಎಂದು ಅದರ ಅರ್ಥ. ಬೇಗ ಆಪರೇಷನ್ ಮಾಡಿದರೆ ಮನುಷ್ಯ ಉಳಿಯುತ್ತಾನೆ. ತಡ ಮಾಡಿದರೆ ಹೋದದ್ದು ಹೋಯಿತು. ಸ್ಪ್ಯಾನರು ಎತ್ತಿಕೊಡುತ್ತಿದ್ದ ನನಗೆ ಇದೆಲ್ಲ ಆ ಕ್ಷಣದಲ್ಲೇ ತಿಳಿಯಿತು. ಎಷ್ಟು ಸ್ಪಷ್ಟವಾಗಿ ತಿಳಿಯಿತೆಂದರೆ ಕೈಯಲ್ಲಿದ್ದ ಬಟ್ಟೆಯ ಬಣ್ಣ ಕೂಡ ನೆನಪಿದೆ.

ಅದರ ಜೊತೆಗೇ ಇನ್ನೊಂದೂ ತಿಳಿಯಿತು. ಹೇಳಿದರೆ ಅವನು ಡಾಕ್ಟರ ಹತ್ತಿರ ಹೋಗುತ್ತಾನೆ, ಡಾಕ್ಟರು ಕಾಯಿದೆ ಪ್ರಕಾರ ಸಾರಿಗೆ ಇಲಾಖೆಗೆ ಬರೆಯುತ್ತಾರೆ, ಲೈಸೆನ್ಸು ನಿಲ್ಲುತ್ತದೆ. ಸೆಪ್ಟೆಂಬರಿಗೆ ನಾವಿಬ್ಬರೂ ಮ್ಯಾನಿಟೂಲಿನ್ ದ್ವೀಪಕ್ಕೆ ಹೋಗುವುದಿತ್ತು. ಟೋಬರ್ಮೊರಿಯಿಂದ ಫೆರಿ ಬುಕ್ ಆಗಿತ್ತು. ಮೂರು ವರ್ಷದಿಂದ ಒಂದಲ್ಲ ಒಂದು ಕಾರಣಕ್ಕೆ ತಪ್ಪಿಹೋಗುತ್ತಿದ್ದ ಓಟ ಅದು, ಅವನಿಲ್ಲದೆ ನಾನೊಬ್ಬನೇ ಹೋಗುವವನಲ್ಲ. ಎರಡು ತಿಂಗಳು ತಾನೇ ಎಂದುಕೊಂಡೆ. "ಹೆಲ್ಮೆಟ್ ಭಾರ ಕಣೋ, ಅದಕ್ಕೆ. ಹಗುರದ್ದು ತಗೋ," ಎಂದೆ.

ಮ್ಯಾನಿಟೂಲಿನ್ ಚೆನ್ನಾಗಿತ್ತು. ಅದನ್ನೂ ಹೇಳಿಬಿಡಬೇಕು. ಜೀವಮಾನದಲ್ಲಿ ಅಷ್ಟು ಚೆನ್ನಾದ ನಾಲ್ಕು ದಿನ ನನಗೆ ಸಿಕ್ಕಿಲ್ಲ. ಫೆರಿಯ ರ‍್ಯಾಂಪಿನಲ್ಲಿ ಯೋಗೇಶ ನಿಂತಲ್ಲೇ ಬೈಕನ್ನು ಬೀಳಿಸಿದ, ಮುದುಕನಾದೆ ಎಂದು ನಾನು ನಕ್ಕೆ, ಅವನೂ ನಕ್ಕ. ಬಂದ ಮೇಲೆ ಹೇಳೋಣ ಎಂದಿದ್ದೆ. ಬಂದ ಮೇಲೆ ಮೇಪಲ್ ಎಲೆ ಕೆಂಪಾಗುವ ಕಾಲ, ಅದು ಮುಗಿಯಲಿ ಎಂದೆ. ಅದು ಮುಗಿದಾಗ ಅವನು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ ಏನು ಹೇಳುವುದು ಎಂಬ ಭಯ ಆಗಲೇ ಸೇರಿಕೊಂಡಿತ್ತು. ಈ ವರ್ಷ ಮಾರ್ಚಿನಲ್ಲಿ ಅವನು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಬಿದ್ದ. ಆಸ್ಪತ್ರೆ, ಸ್ಕ್ಯಾನು, ಆಪರೇಷನ್ನು. ಇನ್ನು ಹೆಚ್ಚದಂತೆ ತಡೆದಿದ್ದೇವೆ, ಹೋಗಿರುವುದು ವಾಪಸ್ ಬರುವುದಿಲ್ಲ, ಆರೇಳು ತಿಂಗಳು ಮೊದಲು ಬಂದಿದ್ದರೆ ಕಥೆಯೇ ಬೇರೆ ಇತ್ತು ಎಂದರು ಸರ್ಜನ್ನು. ಇಷ್ಟು ದಿನ ಯಾರಿಗೂ ತೋರಿಸಲಿಲ್ಲವೇ ಎಂದು ಕೇಳಿದರು. ಹಾಸಿಗೆಯ ಪಕ್ಕದಲ್ಲೇ ನಿಂತಿದ್ದೆ ನಾನು. ಯೋಗೇಶ ನನ್ನ ಕಡೆ ನೋಡದೆ ಇಲ್ಲ ಎಂದ.

ಅವತ್ತಿನಿಂದ ಅವನ ಹೆಂಡತಿ ಪ್ರಫುಲ್ಲಾಳ ಪಾಲಿಗೆ ತಪ್ಪಿತಸ್ಥ ಯೋಗೇಶನೇ. ಆ ಭಾನುವಾರವೂ ನಾನು ಒಳಗೆ ಕಾಲಿಡುತ್ತಿದ್ದಂತೆ ಶುರುಮಾಡಿದಳು. "ನೂರು ಸಲ ಬಡ್ಕೊಂಡೆ ಡಾಕ್ಟರ್ರ, ಒಮ್ಮೆ ನಿಮಗ ತೋರಸ್ರಿ ಅಂತ. ಇಷ್ಟು ಹತ್ರ ಡಾಕ್ಟರ್ ಇಟ್ಕೊಂಡು ಹಿಂಗ ಕೂತ್ರು ನೋಡ್ರಿ. ನಿಮಗ ತೋರಿಸಿದ್ರ ಎರಡ ನಿಮಿಷದಾಗ ಹೇಳ್ತಿದ್ರಿ." ಎರಡು ನಿಮಿಷ ಎಂಬ ಮಾತು ಕೇಳಿ ನಾನು ಮುಖ ತಿರುಗಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಬರಿಯ ಗಾದೆಯಲ್ಲ, ಕೈ ನಿಜವಾಗಿಯೂ ಮೇಲಕ್ಕೆ ಹೋಗುತ್ತದೆ. ಯೋಗೇಶ ಸೋಫಾದ ಮೇಲೆ ಜಾಕೆಟ್ ತೊಟ್ಟು ಕೂತಿದ್ದ. ಅದರ ಜಿಪ್ಪನ್ನು ಅವಳೇ ಎಳೆದಿದ್ದಳು, ಗ್ಲೌಸಿನೊಳಕ್ಕೆ ಬೆರಳುಗಳನ್ನು ಒಂದೊಂದಾಗಿ ಅವಳೇ ತೂರಿಸಿದ್ದಳು. ನಾನು ಕೊಟ್ಟ ಗ್ಲೌಸು.

ಈ ಓಟ ಅವನ ಆಸೆ. ಹಿಂದಿನ ವಾರ ಫೋನಿನಲ್ಲಿ ಹೇಳಿದ್ದ: "ಗಾಡಿ ಹೋಗೂಕಿಂತ ಮೊದಲ ಒಮ್ಮೆ ಕೂಡಿಸ್ಕೊಂಡು ಹೋಗು ನನ್ನ. ಹಿಂದ ಕೂಡ್ತೀನಿ. ಹುಟ್ಟಿದಾಗಿಂದ ಯಾರ ಹಿಂದೂ ಕೂತಾಂವಲ್ಲ ನಾ." ಕತ್ತಿನಲ್ಲಿ ಸ್ಕ್ರೂ ಇರುವವನನ್ನು ಮೂರು ಡಿಗ್ರಿ ಛಳಿಯಲ್ಲಿ, ತಣ್ಣಗಾದ ಟೈರಿನ ಮೇಲೆ, ಒದ್ದೆ ಎಲೆ ಬಿದ್ದ ರಸ್ತೆಯಲ್ಲಿ ಹಿಂದೆ ಕೂರಿಸಿಕೊಂಡು ಹೋಗಬಹುದೇ ಎಂದು ಯಾವ ಡಾಕ್ಟರನ್ನು ಕೇಳಿದರೂ ಬೈಯುತ್ತಾನೆ. ನಾನು ಆಯಿತು ಎಂದೆ. ಅವನಿಗೆ ಬೇಡ ಎನ್ನುವ ಹಕ್ಕು ನನಗಿರಲಿಲ್ಲ.

ಅರೋರಾ ಊರಲ್ಲಿರುವ ಅವರ ಮಗಳು ಮಾಲವಿಕಾ ಸ್ಪೀಕರ್ ಫೋನಿನಲ್ಲಿದ್ದಳು. ಅವಳು ಕನ್ನಡ ಪೂರಾ ತಿಳಿದುಕೊಂಡು ಪೂರಾ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ. "ಅಂಕಲ್, ಆರ್ ಯು ಸೀರಿಯಸ್? ಹೀ ಹ್ಯಾಸ್ ಸ್ಕ್ರೂಸ್ ಇನ್ ಹಿಸ್ ನೆಕ್," ಎಂದಳು.

"ಡಾಕ್ಟರ್ರ ಜೋಡಿ ಇರ್ತಾರಲ್ಲವಾ," ಎಂದಳು ಪ್ರಫುಲ್ಲಾ.

"ಹೀ ಈಸ್ ಎ ಡರ್ಮಟಾಲಜಿಸ್ಟ್, ಅಮ್ಮಾ."

ಆ ಮನೆಯಲ್ಲಿ ನನ್ನನ್ನು ಸರಿಯಾಗಿ ತಿಳಿದುಕೊಂಡವಳು ಅವಳೊಬ್ಬಳೇ. ಪ್ರಫುಲ್ಲಾ ನಗುತ್ತಾ ಫೋನ್ ಇಟ್ಟಳು.

ಯೋಗೇಶನ ಬೈಕು ಹನ್ನೆರಡು ವರ್ಷದ ಟ್ರಯಂಫ್, ಹಿಂದೆ ಬೆನ್ನು ಆನಿಸಿಕೊಳ್ಳುವಂತೆ ಒಂದು ಸಾಮಾನಿನ ಡಬ್ಬ. ನಾನೂ ಪ್ರಫುಲ್ಲಾಳೂ ಅವನನ್ನು ಎತ್ತಿ ಕೂರಿಸಿದೆವು. ಕಾಲನ್ನು ಫುಟ್‌ರೆಸ್ಟಿನ ಮೇಲೆ ನಾನೇ ಇಟ್ಟೆ. ಕೈ ಮಾತ್ರ ನಿಲ್ಲಲಿಲ್ಲ. ನನ್ನ ಸೊಂಟ ಬಳಸಿದರೂ ಬೆರಳು ಬೆರಳಿಗೆ ಸಿಕ್ಕಿಕೊಳ್ಳದೆ ಜಾರಿ ತೊಡೆಯ ಮೇಲೆ ಬೀಳುತ್ತಿದ್ದವು. ಪ್ರಫುಲ್ಲಾ ಒಳಗೆ ಹೋಗಿ ಒಂದು ಉದ್ದನೆಯ ಟವೆಲ್ ತಂದಳು. ಊರಲ್ಲಿ ಸ್ಕೂಟರಿನ ಹಿಂದೆ ನಿದ್ದೆ ಹೋಗುವ ಮಕ್ಕಳನ್ನು ಅಪ್ಪನ ಸೊಂಟಕ್ಕೆ ಕಟ್ಟುತ್ತಿದ್ದರಲ್ಲ, ಹಾಗೆ ಅವನ ಬೆನ್ನಿನ ಸುತ್ತ ತಂದು ನನ್ನ ಹೊಟ್ಟೆಯ ಮೇಲೆ ಎರಡು ಗಂಟು ಬಿಗಿದಳು. "ಮಾಲವಿಕಾನ್ನ ಹಿಂಗs ಕಟ್ತಿದ್ದೆ," ಎಂದಳು. ಯೋಗೇಶನಿಗೆ ನಾಚಿಕೆಯಾಗಿತ್ತು, ನನಗೆ ಗೊತ್ತಾಯಿತು.

ಡೆರ‍್ರಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟೆವು. ಇಬ್ಬರ ಹೆಲ್ಮೆಟ್ಟಿನಲ್ಲೂ ಇಂಟರ್‌ಕಾಮ್ ಇದೆ, ಪಿಸುಗುಟ್ಟಿದರೂ ಕೇಳುತ್ತದೆ. ಮೊದಲ ಹತ್ತು ನಿಮಿಷ ಅವನ ಉಸಿರಷ್ಟೇ ಕೇಳುತ್ತಿತ್ತು. ಗೋದಾಮುಗಳು ಮುಗಿದು, ಮಿಲ್ಟನ್ನಿನ ಹೊಸ ಬಡಾವಣೆಗಳು ಮುಗಿದು, ಕೊಯ್ದು ಬೋಳಾದ ಜೋಳದ ಹೊಲಗಳು ಬಂದವು. ಛಳಿ ಮೊದಲು ಮಂಡಿಗೆ, ಆಮೇಲೆ ಕತ್ತಿನ ಸಂದಿಗೆ, ಆಮೇಲೆ ಎಲ್ಲಿ ಎಂದು ತಿಳಿಯದಂತೆ ಎಲ್ಲ ಕಡೆಗೂ ಬಂತು. ಕಣ್ಣಲ್ಲಿ ನೀರು. ಬ್ರೇಕು ಹಾಕಿದಾಗೆಲ್ಲ ಅವನ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯುತ್ತಿತ್ತು. ಆ ಕತ್ತಿನ ಬಗ್ಗೆ ಯೋಚಿಸುತ್ತಾ ಇನ್ನೂ ನಿಧಾನ ಮಾಡಿದೆ.

"ಮೂರನೇ ಗಿಯರ್ನಾಗ ಇಡೋ, ಎಂಜಿನ್ ಅಳಾಕ್ಹತ್ತೇದ," ಎಂದ ಯೋಗೇಶ. ಅವನ ದನಿ ಕೇಳಿ ನನಗೆ ಧೈರ್ಯ ಬಂತು.

ಎಸ್ಕಾರ್ಪ್‌ಮೆಂಟ್ ಎಂಬ ಬಂಡೆಗುಡ್ಡದ ಏರು ಶುರುವಾಯಿತು. ಎರಡೂ ಕಡೆ ಎಲೆ ಕಳೆದುಕೊಂಡ ಮರ, ಬೂದು ಬಣ್ಣದ ಬಂಡೆ. ಆ ತಿರುವುಗಳನ್ನು ಅವನು ಓಡಿಸುತ್ತಿದ್ದ ಚೆಂದ ನನಗೆ ಯಾವತ್ತೂ ಬಂದಿಲ್ಲ. ಎರಡನೇ ತಿರುವಿನಲ್ಲಿ ಅವನ ದೇಹ ನನಗಿಂತ ಮೊದಲೇ ಒಳಕ್ಕೆ ವಾಲಿತು. ಕೈಕಾಲು ಮರೆತದ್ದನ್ನು ಸೊಂಟ ಮರೆತಿರಲಿಲ್ಲ. ಏರು ಮುಗಿದಾಗ "ಆಹಾ," ಎಂದ ಮೆಲ್ಲಗೆ.

ಈಗ ಹೇಳದಿದ್ದರೆ ಇನ್ನು ಇಲ್ಲ ಎನ್ನಿಸಿತು. ಮುಖ ನೋಡಬೇಕಾಗಿಲ್ಲ ಎಂಬ ಅನುಕೂಲವೂ ಇತ್ತು. ಹೇಡಿಗಳು ಅನುಕೂಲ ನೋಡಿಯೇ ಸತ್ಯ ಹೇಳುವುದು.

"ಯೋಗಿ, ಎರಡು ವರ್ಷದ ಹಿಂದೆ ಕ್ಯಾಂಬೆಲ್‌ವಿಲ್‌ನಲ್ಲಿ ಕೈ ತೋರಿಸ್ದೆ ನೀನು. ರೇನಾಡ್ಸ್ ಅಂದೆ ನಾನು. ತಪ್ಪು ಹೇಳ್ದೆ. ಡಾಕ್ಟ್ರ ಹತ್ರ ಹೋಗು ಅನ್ಬೇಕಿತ್ತು."

"ಗೊತ್ತದ," ಎಂದ ಅವನು.

"ಸರ್ಜನ್ ಕೇಳ್ದಾಗ ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಕುತ್ತಿಗಿ ಸಲುವಾಗಿ ಚರ್ಮದ ಡಾಕ್ಟರನ್ನ ಕೇಳಿದೆ ಅಂತ ಹೇಳ್ಲೇನು? ಹುಚ್ಚ ಯಾರು ಇದ್ರಾಗ, ನಾನಾ, ನೀನಾ?" ಅವನು ನಕ್ಕದ್ದು ಇಂಟರ್‌ಕಾಮಿನಲ್ಲಿ ಗರಗರ ಎಂದಿತು. "ಬಿಡೋ ಸೀನ್ಯಾ. ನೀನೂ ತಿಳೀದ ಹೇಳಿದಿ, ನಾನೂ ತಿಳೀದ ಕೇಳಿದೆ. ಎಂಟ ತಿಂಗಳ ಆತು, ನೀ ಬಂದಾಗೊಮ್ಮೆ ಕಳ್ಳನ ಮಾರಿ ಮಾಡ್ಕೊಂಡು ಕೂಡ್ತಿ. ನನಗ ಸಿಟ್ಟಿಲ್ಲ. ಇದ್ದದ್ದು ಹೋತು. ಮುಗೀತು."

ನನ್ನ ಎದೆಯಿಂದ ಏನೋ ಇಳಿದ ಹಾಗಾಯಿತು. ಎಂಟು ತಿಂಗಳಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಕ್ಕೆ ಹೋಯಿತು. ಅಳುವೇ ಬಂತು, ಅತ್ತೆ ಕೂಡ. ಅಲ್ಲಿಗೆ ನಿಲ್ಲಿಸಬೇಕಿತ್ತು. ಕಾಫಿ ಕುಡಿಸಿ, ಮನೆಗೆ ಕರೆತಂದು, ಸಾಯುವ ತನಕ ವಾರಕ್ಕೆರಡು ಸಲ ಅವನ ಮನೆಗೆ ಹೋಗಿ ಕೂತಿರಬಹುದಿತ್ತು. ಆದರೆ ಕ್ಷಮೆಯ ರುಚಿ ಹತ್ತಿದವನಿಗೆ ಅರ್ಧ ಸಾಕಾಗುವುದಿಲ್ಲ. ಇಷ್ಟು ದೊಡ್ಡ ಮನಸ್ಸಿನವನು, ಅದನ್ನೂ ಮನ್ನಿಸುತ್ತಾನೆ ಎಂದುಕೊಂಡೆ. ಪೂರ್ತಿ ಹಗುರಾಗಿಬಿಡೋಣ ಎಂದುಕೊಂಡೆ.

"ಇನ್ನೊಂದಿದೆ ಕಣೋ," ಎಂದೆ. "ಹೋದ ವರ್ಷ ಜುಲೈಲಿ, ನನ್ನ ಗರಾಜಲ್ಲಿ. ಕತ್ತು ಬಗ್ಗಿಸಿದ್ರೆ ಕರೆಂಟ್ ಹೊಡೆಯುತ್ತೆ ಅಂದೆಯಲ್ಲ."

"ಹೂಂ."

"ಅವತ್ತು ನಂಗೆ ಗೊತ್ತಾಯ್ತು."

"ಏನು ಗೊತ್ತಾತು?"

"ಸ್ಪೈನಲ್ ಕಾರ್ಡ್ ಅಂತ. ಅರ್ಜೆಂಟಾಗಿ ಸ್ಕ್ಯಾನ್ ಆಗ್ಬೇಕು ಅಂತ. ಎಲ್ಲಾ ಗೊತ್ತಾಯ್ತು. ಹೇಳಿದ್ರೆ ನಿನ್ನ ಲೈಸೆನ್ಸ್ ಹೋಗ್ತಿತ್ತು. ಮ್ಯಾನಿಟೂಲಿನ್ ಮುಗೀಲಿ ಅಂತ ಸುಮ್ನಾದೆ."

ಒಂದು ಹೊಲ ದಾಟಿತು, ಕೆಂಪು ಕೊಟ್ಟಿಗೆಯ ಇನ್ನೊಂದು ಹೊಲ ದಾಟಿತು. ಅವನ ಉಸಿರೂ ಕೇಳಲಿಲ್ಲ. ಇಂಟರ್‌ಕಾಮ್ ಕೈಕೊಟ್ಟಿತೇ ಎಂದು ಯೋಗಿ ಎಂದು ಕರೆದೆ.

"ಸೆಪ್ಟೆಂಬರ್ ಆದ ಮ್ಯಾಲೆ?" ಎಂದ.

"ನೀನು ಮತ್ತೆ ಆ ಮಾತು ತೆಗೀಲಿಲ್ಲ..."

"ನಾ ತೆಗೀಲಿಲ್ಲ," ಎಂದ ಅವನು, ಪಾಠ ಒಪ್ಪಿಸುವ ದನಿಯಲ್ಲಿ. "ಹೆಲ್ಮೆಟ್ ಭಾರ ಅದ ಅಂದಿ ನೀ. ನಾ ಹೊಸಾದು ತಗೊಂಡೆ. ಇದs ಅದು, ಈಗ ಹಾಕ್ಕೊಂಡದ್ದು."

ಬೆನ್ನಿಗೆ ಒರಗಿದ್ದ ಅವನ ಭಾರ ಹಿಂದಕ್ಕೆ ಸರಿಯಿತು. ಟವೆಲ್ ನನ್ನ ಹೊಟ್ಟೆಯನ್ನು ಬಿಗಿಯಿತು. ನನ್ನಿಂದ ಎಷ್ಟು ದೂರ ಹೋಗಲು ಸಾಧ್ಯವೋ ಅಷ್ಟು ದೂರ ಹೋಗಿ, ಡಬ್ಬಕ್ಕೆ ಬೆನ್ನು ಕೊಟ್ಟು ಕೂತಿದ್ದ. ನಾಲ್ಕು ಬೆರಳು ದೂರ. ಅಷ್ಟರಲ್ಲಿ ಛಳಿಗಾಳಿ ನಮ್ಮ ನಡುವೆ ತೂರಿಕೊಂಡಿತು.

"ಈಗ ಯಾಕ ಹೇಳಿದಿ?" ಎಂದ.

"ಹೊತ್ಕೊಂಡಿರಕ್ಕೆ ಆಗ್ತಿಲ್ಲ ಯೋಗಿ. ಪ್ರಫುಲ್ಲಾಗೂ ಹೇಳ್ತೀನಿ ಇವತ್ತು. ಅವಳು ಸುಮ್ಸುಮ್ನೆ ನಿನ್ನ ಬೈತಾಳೆ."

"ನಿನಗ ಹಗುರ ಆಗಬೇಕಾಗೇದ," ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಮುಂಜಾನೆ ನನ್ನ ಹೆಂಡತಿ ನನ್ನ ತೊಳೀತಾಳ ಸೀನ್ಯಾ. ಮಕ್ಕಳನ್ನ ತೊಳಧಾಂಗ. ನಾಲ್ಕ ದಿನದ ಫೆರಿ ಸಲುವಾಗಿ. ಮತ್ತ ನಿನಗ ಹಗುರ ಆಗಬೇಕಾಗೇದ. ತಿರಗಸು ಗಾಡಿ."

"ಕಾಫಿ..."

"ತಿರಗಸು."

ತಿರುಗಿಸಿದೆ. ಇಳಿಜಾರಿನ ತಿರುವಿನಲ್ಲಿ ಅವನು ನನ್ನ ಜೊತೆ ವಾಲಲಿಲ್ಲ. ಕಂಬದಂತೆ ನೆಟ್ಟಗೆ ಕೂತಿದ್ದ. ಹಿಂದೆ ಕೂತವನು ವಾಲದಿದ್ದರೆ ಬೈಕು ಹೊರಕ್ಕೆ ಎಳೆಯುತ್ತದೆ. ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಒದ್ದೆ ಎಲೆಯ ಮೇಲೆ ಮುಂದಿನ ಟೈರು ಒಮ್ಮೆ ಜಾರಿ ಮತ್ತೆ ರಸ್ತೆ ಹಿಡಿಯಿತು. ಬಿದ್ದರೆ ಬೀಳಲಿ ಎಂದು ಅವನಿಗೆ ಅನ್ನಿಸಿತ್ತೇ? ನನಗಂತೂ ಅನ್ನಿಸಿತು. ಮಿಲ್ಟನ್ ದಾಟುವಾಗ ಎದುರಿಂದ ಲಾರಿಯೊಂದು ನಾಳೆಯ ಮಳೆಗೆ ಮುಂಚಿತವಾಗಿ ಉಪ್ಪುನೀರನ್ನು ಗೆರೆಗೆರೆಯಾಗಿ ಬಿಡುತ್ತಾ ಬಂತು. ಬೇರೆ ವರ್ಷವಾದರೆ ಇಬ್ಬರೂ ಸೇರಿ ಅದಕ್ಕೆ ಶಾಪ ಹಾಕುತ್ತಿದ್ದೆವು.

ಪ್ರಫುಲ್ಲಾ ಬಾಗಿಲಲ್ಲೇ ಕಾಯುತ್ತಿದ್ದಳು. ಛಳಿಗೆ ಗಂಟು ಬಿಗಿದುಕೊಂಡಿತ್ತು. ಬಿಚ್ಚಲು ಅವಳಿಗೆ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನಾವಿಬ್ಬರೂ ಒಂದೇ ಕಟ್ಟಿನಲ್ಲಿ ಕೂತಿದ್ದೆವು. ಒಳಗೆ ಕರೆದುಕೊಂಡು ಹೋಗಿ ಅಡುಗೆಮನೆಯ ಮೇಜಿಗೆ ಅವನನ್ನು ಕೂರಿಸಿ, ಹೆಲ್ಮೆಟ್ ತೆಗೆದು, ಮೂಗು ಒರೆಸಿ, ಅವಳು ಚಹಾ ಸೋಸಿದಳು. ಕಪ್ಪನ್ನು ಅವನ ತುಟಿಗೆ ಹಿಡಿದಳು. ಅವನು ಒಂದು ಗುಟುಕು ಕುಡಿದ. ಆಗ ನಾನು ಹೇಳಿದೆ. ನಿಂತುಕೊಂಡೇ ಹೇಳಿದೆ.

"ಪ್ರಫುಲ್ಲಾ, ಅವನು ನನಗೆ ತೋರಿಸಿದ್ದ. ಎರಡು ಸಲ ತೋರಿಸಿದ್ದ. ಮೊದಲನೇ ಸಲ ತಪ್ಪು ಹೇಳ್ದೆ. ಎರಡನೇ ಸಲ ಗೊತ್ತಿದ್ದೂ ಹೇಳ್ಲಿಲ್ಲ. ಟ್ರಿಪ್ ಇತ್ತು ಅಂತ. ಅವನದೇನೂ ತಪ್ಪಿಲ್ಲ, ನನ್ನದು."

ಅವಳು ಕಪ್ಪನ್ನು ಕೆಳಗಿಟ್ಟಳು. ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು. "ಏನಿದು? ಖರೇ ಏನ್ರೀ?" ಎಂದು ಅವನನ್ನು ಕೇಳಿದಳು. ದನಿ ಸಣ್ಣಗಾಗಿತ್ತು.

ಯೋಗೇಶ ನನ್ನ ಕಡೆ ನೋಡಿದ. ಆಸ್ಪತ್ರೆಯಲ್ಲಿ ನೋಡಿರಲಿಲ್ಲ, ಈಗ ನೋಡಿದ, ನೇರವಾಗಿ, ನಾನು ಕಣ್ಣು ತಗ್ಗಿಸುವ ತನಕ.

"ಇಲ್ಲ," ಎಂದ. "ನಾ ಯಾರಿಗೂ ತೋರಿಸಿಲ್ಲ."

"ಯೋಗಿ, ಹೇಳೋ. ನಿಜ ಹೇಳೋ ಅವಳಿಗೆ."

"ಸುಳ್ಳ ಹೇಳ್ಯಾನ ಇವ. ನೀ ದಿನಾ ನನ್ನ ಬೈತಿ ಅಂತ ಕರುಣಾ ಬಂದದ ಅವಗ. ನಂದs ತಪ್ಪು. ನಾನs ಸುಮ್ಮ ಕೂತೆ."

ಪ್ರಫುಲ್ಲಾಳ ಮುಖ ಸಡಿಲವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದಳು. ನಲವತ್ತು ವರ್ಷದ ಪರಿಚಯದಲ್ಲಿ ಒಮ್ಮೆಯೂ ಮುಟ್ಟದವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಎಂಥಾ ಗೆಳ್ಯಾ ಇದ್ದೀರಿ ಡಾಕ್ಟರ್ರ ನೀವು," ಎಂದಳು. "ಅವರ ತಪ್ಪ ನಿಮ್ಮ ಮ್ಯಾಲೆ ಹಾಕ್ಕೋಳಿಕ್ಕೆ ಬಂದೀರಿ. ನೀವು ಗೊತ್ತಿದ್ದೂ ಹೇಳಲಾರದ ಇರ್ತೀರೇನು? ನಂಬ್ತೀನೇನು ನಾ? ಆಣಿ ಮಾಡಿ ಹೇಳ್ತೀನಿ, ಇವತ್ತಿನಿಂದ ಬೈಯಂಗಿಲ್ಲ ಅವರನ್ನ. ನಿಮ್ಮ ಸಲುವಾಗಿ."

ನಿಜ, ನಿಜ, ನಾನು ಹೇಳುತ್ತಿರುವುದು ನಿಜ ಎಂದು ಇನ್ನೊಮ್ಮೆ ಹೇಳಿದೆ. ಹೇಳಿದಷ್ಟೂ ಅವಳ ಕಣ್ಣಲ್ಲಿ ನಾನು ದೊಡ್ಡವನಾಗುತ್ತಾ ಹೋದೆ. ಅವಳು ಕುರ್ಚಿ ಎಳೆದು ನನ್ನನ್ನು ಕೂರಿಸಿದಳು, ನನಗೂ ಚಹಾ ಬಗ್ಗಿಸಿದಳು, ಹಚ್ಚಿದ ಅವಲಕ್ಕಿಯನ್ನು ತಟ್ಟೆಗೆ ಹಾಕಿದಳು. ಮೇಜಿನ ಆಚೆ ಕಡೆ ಯೋಗೇಶ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ. ಅವನ ಎರಡು ಕೈಯೂ ಮೇಜಿನ ಮೇಲಿದ್ದವು, ಗ್ಲೌಸಿನ ಸಮೇತ, ಅವಳು ಇನ್ನೂ ಬಿಚ್ಚಿರಲಿಲ್ಲ.

"ಗಾಡಿ ಹೋದ್ರೇನಾತು," ಎಂದಳು ಅವಳು ಅವನಿಗೆ ಇನ್ನೊಂದು ಗುಟುಕು ಕುಡಿಸುತ್ತಾ. "ಡಾಕ್ಟರ್ರದು ಇದ್ದs ಅದಲ್ಲ. ಏಪ್ರಿಲ್‌ದಾಗ ಬೆಚ್ಚಗಾದ ಮ್ಯಾಲೆ ಮತ್ತ ಕರ್ಕೊಂಡು ಹೋಗ್ತಾರ. ಹೌದಲ್ರೀ ಡಾಕ್ಟರ್ರ?"

ಹೂಂ ಎಂದೆ.

ಯೋಗೇಶ ಬಾಯಲ್ಲಿದ್ದ ಚಹಾ ನುಂಗಿದ.

"ಬ್ಯಾಡ," ಎಂದ. "ಇವನ ಹಿಂದ ಇನ್ನ ಕೂಡಂಗಿಲ್ಲ ನಾ."

ಪ್ರಫುಲ್ಲಾ ನಕ್ಕಳು. ಹೆದರ್ಯಾರ ನೋಡ್ರಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ ಎಂದು ನನಗೆ ಸಮಾಧಾನ ಹೇಳಿ, ತಟ್ಟೆಗೆ ಇನ್ನೊಂದಿಷ್ಟು ಅವಲಕ್ಕಿ ಹಾಕಿದಳು.